ಬೆರಳನ್ನು ಬೈಯುವ ಮುಂಚೆ ಗಿಟಾರ್ ಅಳೆಯಿರಿ

ಗಿಟಾರ್ ಹಿಡಿದ ಹೊಸಬರಿಗೆ ಎಲ್ಲರೂ ಹೇಳೋದು ಒಂದೇ: ಬೆರಳು ನೋಯುತ್ತೆ, ತಡ್ಕೋ, ಆಮೇಲೆ ಸರಿಹೋಗುತ್ತೆ. ಇದರಲ್ಲಿ ಅರ್ಧ ನಿಜ. ದಿನಾ ನುಡಿಸಿದರೆ ಮೂರ್ನಾಲ್ಕು ವಾರದಲ್ಲಿ ಬೆರಳ ತುದಿ ಗಟ್ಟಿಯಾಗುತ್ತೆ. ಆದರೆ ತಂತಿ ಅಷ್ಟೆತ್ತರದಲ್ಲಿ ನಿಂತಿರೋ ವಾದ್ಯ ಕೈಗೆ ಕೊಟ್ಟು ‘ತಡ್ಕೋ’ ಅಂದರೆ ಅದು ಪಾಠವಲ್ಲ, ಶಿಕ್ಷೆ. ಅರ್ಧಕ್ಕೇ ಬಿಟ್ಟವರಲ್ಲಿ ಅನೇಕರು ಸೋತಿದ್ದು ಸಂಗೀತಕ್ಕಲ್ಲ, ಸರಿಯಾಗಿ ಸೆಟಪ್ ಆಗದ ಗಿಟಾರಿಗೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಒಂದು ಸ್ಟೀಲ್ ಸ್ಕೇಲ್ ತಗೊಳ್ಳಿ. ಶ್ರುತಿ ಮಾಡಿದ ಗಿಟಾರಿನ 12ನೇ ಫ್ರೆಟ್ ಪಟ್ಟಿಯ (ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂತ ಲೋಹದ ಪಟ್ಟಿಗಳೇ ಫ್ರೆಟ್, ಎಣಿಕೆ ತಲೆಯ ಕಡೆಯಿಂದ) ಮೇಲ್ತುದಿಯಿಂದ ತಂತಿಯ ತಳಕ್ಕೆ ಎಷ್ಟು ಅಂತರ ಇದೆ ನೋಡಿ. ಉಕ್ಕಿನ ತಂತಿಯ ಅಕೌಸ್ಟಿಕ್ ಆದರೆ ದಪ್ಪ ತಂತಿಯ ಕೆಳಗೆ ಸುಮಾರು 2.5 ಮಿ.ಮೀ., ತೆಳು ತಂತಿಯ ಕೆಳಗೆ 2 ಮಿ.ಮೀ. ಇದ್ದರೆ ಚೆನ್ನ. 3.5 ದಾಟಿದ್ದರೆ ನಿಮ್ಮ ನೋವಿಗೆ ಕಾರಣ ಸಿಕ್ಕಿತು. (ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಈ ಲೆಕ್ಕ ಬೇಡ, ಅದರಲ್ಲಿ ತಂತಿ ಸ್ವಲ್ಪ ಎತ್ತರವೇ ಇರಬೇಕು.) ತಂತಿಯ ಎತ್ತರ ಇಳಿಸೋದು ಸೇತುವೆಯ (ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳ ಬುಡ ಕೂರುವ ಮರದ ತುಂಡು) ಮೇಲಿನ ಬಿಳಿ ಪಟ್ಟಿ, ಅಂದರೆ ಸ್ಯಾಡಲ್‌ನ ತಳ ಉಜ್ಜಿ. 12ನೇ ಫ್ರೆಟ್‌ನಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ 2 ಮಿ.ಮೀ. ತಗ್ಗಬೇಕು, ಯಾಕಂದರೆ 12ನೇ ಫ್ರೆಟ್ ಇರೋದು ತಂತಿಯ ಸರಿ ಅರ್ಧದಲ್ಲಿ. ಕೈ ಪಳಗಿಲ್ಲದಿದ್ದರೆ ರಿಪೇರಿ ಮಾಡುವವರಿಗೆ ಕೊಡಿ, ಹೆಚ್ಚು ಉಜ್ಜಿದ್ದನ್ನು ವಾಪಸ್ ಅಂಟಿಸೋಕಾಗಲ್ಲ. ಕುತ್ತಿಗೆಯೊಳಗಿನ ಟ್ರಸ್ ರಾಡನ್ನು ಮಾತ್ರ ಇದಕ್ಕೆಂದು ತಿರುಗಿಸಬೇಡಿ. ಅದರ ಕೆಲಸ ಕುತ್ತಿಗೆಯ ಬಾಗು ಸರಿಪಡಿಸೋದು.

ಯಾರೂ ಗಮನಿಸದ ಇನ್ನೊಂದು ಜಾಗ ನಟ್, ತಂತಿಗಳು ತಲೆಯ ಕಡೆ ಹಾದುಹೋಗುವ ಆ ಸಣ್ಣ ಪಟ್ಟಿ. ತಂತಿಯನ್ನು 3ನೇ ಫ್ರೆಟ್‌ಗೆ ಒತ್ತಿ ಹಿಡಿದು, 1ನೇ ಫ್ರೆಟ್ ಪಟ್ಟಿಯ ಮೇಲೆ ಬೆಳಕಿನ ಎದುರು ನೋಡಿ. ಕೂದಲೆಳೆಯಷ್ಟು ಸಂದಿ ಕಾಣಬೇಕು, ಅಷ್ಟೇ. ವಿಸಿಟಿಂಗ್ ಕಾರ್ಡ್ ನುಗ್ಗುವಷ್ಟಿದ್ದರೆ ನಟ್‌ನ ತೋಡಿನ, ಅಂದರೆ ತಂತಿ ಕೂರುವ ಗೀರಿನ, ಆಳ ಸಾಲದು. ಇದರಿಂದ ಬರೀ ನೋವಲ್ಲ, ಅಪಶ್ರುತಿಯೂ ಬರುತ್ತೆ: ಟ್ಯೂನರ್‌ನಲ್ಲಿ ಆರೂ ತಂತಿ ಸರಿ ತೋರಿಸುತ್ತೆ, ಸಿ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದ ಕೂಡಲೇ ಎಲ್ಲೋ ಕರ್ಕಶ. ಎತ್ತರದಲ್ಲಿರುವ ತಂತಿಯನ್ನು ಕೆಳಗೆ ಒತ್ತಿದಾಗ ಅದು ಹಿಗ್ಗಿ ಸ್ವರ ಏರುತ್ತೆ. ಪಾಪ, ಹೊಸಬರು ತಮ್ಮ ಕಿವಿಯೇ ಸರಿ ಇಲ್ಲ ಅಂದ್ಕೋತಾರೆ.

ತಂತಿಯ ವಿಷಯ ಬೇಗ ಮುಗಿಸ್ತೀನಿ. ಹೊಸದರಲ್ಲಿ 12ರ ಸೆಟ್ ಬದಲು 10 ಅಥವಾ 11ರ ಸೆಟ್ ಹಾಕಿ. ಆ ಅಂಕಿ ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ. ಸದ್ದು ಕೊಂಚ ತೆಳುವಾಗುತ್ತೆ, ಆದರೆ ಬೆರಳಿಗೆ ಬಹಳ ಹಗುರ. ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಹಾಕಲೇಬೇಡಿ. ಆ ಎಳೆತಕ್ಕೆ ಸೇತುವೆಯೇ ಕಿತ್ತು ಬರಬಹುದು.

ಇನ್ನು ಕೈ. ಬೆರಳು ಇಡಬೇಕಾದ್ದು ಎರಡು ಫ್ರೆಟ್ ಪಟ್ಟಿಗಳ ನಟ್ಟನಡುವೆ ಅಲ್ಲ, ಸೇತುವೆ ಕಡೆಯ ಪಟ್ಟಿಗೆ ತಾಗಿದ ಹಾಗೆ, ಅದರ ಹಿಂದೆ. ಒಂದು ಪರೀಕ್ಷೆ ಮಾಡಿ. ಮೂರನೇ ತಂತಿಯನ್ನು (ಎಣಿಕೆ ತೆಳು ತಂತಿಯಿಂದ) 2ನೇ ಫ್ರೆಟ್‌ನಲ್ಲಿ ಒತ್ತಿ, ಮೀಟ್ತಾ ಮೀಟ್ತಾ ಬೆರಳು ಸಡಿಲ ಮಾಡುತ್ತಾ ಹೋಗಿ. ಸದ್ದು ಜುರ್ ಅನ್ನೋಕೆ ಶುರುವಾದ ಕಡೆ ನಿಲ್ಲಿಸಿ, ಒಂದು ಚೂರು ಒತ್ತಡ ಸೇರಿಸಿ. ಬೇಕಿದ್ದಿದ್ದು ಇಷ್ಟೇ! ಅದಕ್ಕಿಂತ ಹೆಚ್ಚು ಹಾಕಿದ ಬಲವೆಲ್ಲ ಹೆಬ್ಬೆರಳ ಬುಡದ ನೋವಾಗಿ ತಿರುಗಿ ಬರುತ್ತೆ.

ಕಾರ್ಡ್‌ಗಳನ್ನು ಒಂದೊಂದಾಗಿ ಉರು ಹೊಡೆಯೋದು ನನ್ನ ಪ್ರಕಾರ ಸಮಯ ಹಾಳು. ಹಾಡು ನಿಲ್ಲೋದು ಕಾರ್ಡ್ ಹಿಡಿಯೋಕೆ ಬಾರದೆ ಅಲ್ಲ, ಒಂದರಿಂದ ಇನ್ನೊಂದಕ್ಕೆ ದಾಟೋಕೆ ಬಾರದೆ. ಹಾಗಾಗಿ ಜೋಡಿಯಾಗಿ ಕಲಿಯಿರಿ. ಎ ಮೈನರ್‌ನಿಂದ ಸಿಗೆ ಹೋಗುವಾಗ ತೋರುಬೆರಳು, ನಡುಬೆರಳು ಕದಲೋದೇ ಇಲ್ಲ. ಉಂಗುರ ಬೆರಳೊಂದು ಮೂರನೇ ತಂತಿ ಬಿಟ್ಟು ಐದನೇ ತಂತಿಯ 3ನೇ ಫ್ರೆಟ್‌ಗೆ ಹಾರಿದರೆ ಸಾಕು. ಆದರೂ ಮೂರೂ ಬೆರಳು ಎತ್ತಿ ಮತ್ತೆ ಇಡುವವರೇ ಹೆಚ್ಚು. ಇ ಮೇಜರ್‌ನಿಂದ ಎ ಮೈನರ್‌ಗೆ ಇಡೀ ಆಕಾರ ಒಂದು ತಂತಿ ಪಕ್ಕಕ್ಕೆ ಜರುಗುತ್ತೆ, ಅಷ್ಟೇ. ಜಿ ಕಾರ್ಡನ್ನು ಹೊಸಬರು ಸಾಮಾನ್ಯವಾಗಿ ತೋರು, ನಡು, ಉಂಗುರ ಬೆರಳಲ್ಲಿ ಹಿಡೀತಾರೆ. ಅದರ ಬದಲು ನಡುಬೆರಳು ಐದನೇ ತಂತಿಯ 2ರಲ್ಲಿ, ಉಂಗುರ ಬೆರಳು ಆರನೇ ತಂತಿಯ 3ರಲ್ಲಿ, ಕಿರುಬೆರಳು ಒಂದನೇ ತಂತಿಯ 3ರಲ್ಲಿ ಇಡಿ. ಮೊದಲು ಕಿರುಬೆರಳು ಗೋಳಾಡುತ್ತೆ. ಆದರೆ ಸಿಗೆ ಹೋಗುವಾಗ ನಡು, ಉಂಗುರ ಎರಡೂ ಒಟ್ಟಿಗೆ ಒಂದು ತಂತಿ ಜರುಗಿ ಕೂತುಬಿಡುತ್ತವೆ, ತೋರುಬೆರಳು ಖಾಲಿ ಇರೋದರಿಂದ ಎರಡನೇ ತಂತಿಯ 1ಕ್ಕೆ ಸಿದ್ಧ.

ಒಂದು ನಿಮಿಷ ಟೈಮರ್ ಇಟ್ಟು ಒಂದೇ ಜೋಡಿಯನ್ನು ಎಷ್ಟು ಸಲ ಬದಲಿಸ್ತೀರಿ ಎಣಿಸಿ. 30ರ ಸುತ್ತ ಬಂದರೆ ನಿಧಾನದ ಹಾಡಿಗೆ ಸಾಕು, 60 ಮುಟ್ಟಿದರೆ ಆ ಜೋಡಿ ಕೈಗೆ ಬಂತು. ಭಾನುವಾರ ಎರಡು ಗಂಟೆ ಕೂರೋದಕ್ಕಿಂತ ದಿನಾ ಹದಿನೈದು ನಿಮಿಷ ಮೇಲು. ಮತ್ತೆ, ನೀರಲ್ಲಿ ಕೈ ನೆನೆಸಿದ ಕೂಡಲೇ ನುಡಿಸಬೇಡಿ, ಮೆತ್ತಗಾದ ಚರ್ಮ ಬೇಗ ಸೀಳುತ್ತೆ.

ಬಲಗೈ ವಿಚಾರದಲ್ಲಿ ಸ್ಟ್ರಮ್ಮಿಂಗ್ ಚಾರ್ಟ್‌ನಲ್ಲಿ ಕೈ ಮೇಲೆ, ಕೆಳಗೆ ಅಂತ ತೋರಿಸುವ ಬಾಣಗಳನ್ನು ಬಾಯಿಪಾಠ ಮಾಡೋದು ಬಿಡಿ. ಕೈ ನಿಲ್ಲದೆ ಕೆಳಗೆ ಮೇಲೆ ಆಡ್ತಾನೇ ಇರಲಿ, ತಂತಿಗೆ ತಾಗಬಾರದ ಕಡೆ ಗಾಳಿಯಲ್ಲಿ ಹೋಗಲಿ. ತಾಳ ತಪ್ಪೋದು ಕೈ ನಿಂತಾಗಲೇ. ತಾಳ ಬಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತದಲ್ಲಿ ಶುರು ಮಾಡಿ. ತಂತಿ ಮೀಟುವ ಚಿಕ್ಕ ಬಿಲ್ಲೆ, ಅಂದರೆ ಪಿಕ್, 0.6ರಿಂದ 0.7 ಮಿ.ಮೀ. ದಪ್ಪದ್ದು, ಬೆರಳಿಂದಾಚೆ ಮೂರ್ನಾಲ್ಕು ಮಿಲಿಮೀಟರ್ ಮಾತ್ರ ಕಾಣಲಿ. ಎಡಗೈ ಕಾರ್ಡ್ ಹುಡುಕ್ತಾ ಇದ್ದರೂ ಬಲಗೈ ನಿಲ್ಲಿಸಬೇಡಿ, ಖಾಲಿ ತಂತಿ ನುಡಿದರೆ ನುಡೀಲಿ.

ಕೊನೆಗೆ ಎಲ್ಲರ ಗಂಟಲಲ್ಲಿ ಸಿಕ್ಕಿಕೊಳ್ಳೋ ಎಫ್ ಕಾರ್ಡ್. 1ನೇ ಫ್ರೆಟ್‌ನಲ್ಲಿ ತೋರುಬೆರಳು ಅಡ್ಡ ಇಟ್ಟು ಆರೂ ತಂತಿ ಒತ್ತಬೇಕು ಅಂತ ಹೇಳಿ ಹೆದರಿಸ್ತಾರೆ. ನಿಜವಾಗಿ ಆ ಬೆರಳಿಂದ ನುಡಿಯಬೇಕಾದ್ದು ಆರನೇ, ಎರಡನೇ, ಒಂದನೇ ತಂತಿ ಮಾತ್ರ, ಉಳಿದ ಮೂರನ್ನು ಬೇರೆ ಬೆರಳುಗಳು ಒತ್ತಿರ್ತವೆ. ಬೆರಳನ್ನು ಚಪ್ಪಟೆಯಾಗಿ ಮಲಗಿಸದೆ, ನಟ್ ಕಡೆಗೆ ಕೊಂಚ ಹೊರಳಿಸಿ ಅದರ ಮೂಳೆಯ ಪಕ್ಕ ಬಳಸಿ. ಇದೇ ಆಕಾರವನ್ನು ಮೊದಲು 5ನೇ ಫ್ರೆಟ್‌ನಲ್ಲಿ ಹಿಡಿಯಿರಿ, ಅಲ್ಲಿ ಅದು ಎ ಮೇಜರ್. ಕೈಗೆ ಬಂದ ಮೇಲೆ ಒಂದೊಂದೇ ಫ್ರೆಟ್ ಹಿಂದಕ್ಕೆ ತನ್ನಿ. ಅಲ್ಲಿಯವರೆಗೆ ತೋರುಬೆರಳಿಂದ ಒಂದು, ಎರಡನೇ ತಂತಿ ಮಾತ್ರ ಒತ್ತುವ ನಾಲ್ಕು ತಂತಿಯ ಪುಟ್ಟ ಎಫ್ ನುಡಿಸಿ. ದಪ್ಪ ತಂತಿ ಎರಡಕ್ಕೂ ಪಿಕ್ ತಾಗದಿದ್ದರೆ ಆಯ್ತು.