ಎಂಜಿನ್ ಬಲದಿಂದ ಗೆದ್ದ ಕಾರಲ್ಲ ಕೂಪರ್

1959ರ ಫಾರ್ಮುಲಾ ಒನ್ ರೇಸ್‌ಗಳಲ್ಲಿ ಬ್ರಿಟನ್ನಿನ ಕೂಪರ್ ಟಿ51 ಕಾರು ಗೆದ್ದಿದ್ದು ‘ಶಕ್ತಿಶಾಲಿ ಎಂಜಿನ್‌ನಿಂದ’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಅದರ 2.5 ಲೀಟರ್‌ನ, ಕ್ಲೈಮ್ಯಾಕ್ಸ್ ಕಂಪನಿಯ ಎಂಜಿನ್ ಕೊಡುತ್ತಿದ್ದದ್ದು ಸುಮಾರು 240 ಅಶ್ವಶಕ್ತಿ. ಎದುರಾಳಿ ಕಾರು ಫೆರಾರಿ ಡಿನೊ 246ರದ್ದು 280ರ ಆಸುಪಾಸು. ಶಕ್ತಿಯಲ್ಲಿ ಹಿಂದಿದ್ದ ಕಾರು ಗೆದ್ದಿತಲ್ಲ, ಅದೇ ದೊಡ್ಡ ವಿಷಯ!

ಕೂಪರ್‌ನಲ್ಲಿ ಎಂಜಿನ್ ಇದ್ದದ್ದು ಚಾಲಕನ ಹಿಂದೆ. ಹಾಗಾಗಿ ಅವನ ಸೀಟಿನ ಕೆಳಗೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದದ ಶಾಫ್ಟ್ (ತಿರುಗುವ ದಂಡ) ಹಾಯಬೇಕಿರಲಿಲ್ಲ. ಅವನು ತಗ್ಗಿನಲ್ಲಿ ಕೂರಬಹುದಿತ್ತು. ಕಾರು ಚಿಕ್ಕದಾಯಿತು, ಹಗುರವಾಯಿತು, ತಿರುವುಗಳಲ್ಲಿ ಚುರುಕಾಯಿತು. ಟೈರ್ ಸವೆತವೂ ಕಡಿಮೆ. 1958ರ ಅರ್ಜೆಂಟೀನಾ ರೇಸ್ ನೆನಪಿಸಿಕೊಳ್ಳಿ. ಬ್ರಿಟಿಷ್ ಚಾಲಕ ಸ್ಟರ್ಲಿಂಗ್ ಮಾಸ್ ಕೂಪರ್‌ನ ಹಳೆಯ ಮಾದರಿ ಟಿ43ರಲ್ಲಿ, 2 ಲೀಟರ್‌ಗೂ ತುಸು ಕಡಿಮೆಯ ಎಂಜಿನ್ ಇಟ್ಟುಕೊಂಡು, ಒಮ್ಮೆಯೂ ಟೈರ್ ಬದಲಿಸದೆ ಓಡಿಸಿದರು. ಕೊನೆಗೆ ರಬ್ಬರ್ ಸವೆದು ಟೈರ್ ಒಳಗಿನ ಬಟ್ಟೆಯ ಪದರ ಕಾಣುತ್ತಿತ್ತು. ಆದರೂ ಎರಡನೆಯವರಾದ ಮುಸ್ಸೊ ಅವರ ಫೆರಾರಿಗಿಂತ 2.7 ಸೆಕೆಂಡ್ ಮುಂದೆ ಬಂದು ಗೆದ್ದರು!

ಎಂಜಿನ್ ಹಿಂದಿಟ್ಟ ಮೊದಲಿಗರೂ ಕೂಪರ್ ಅಲ್ಲ. 1930ರ ದಶಕದಲ್ಲೇ ಜರ್ಮನಿಯ ಆಟೊ ಯೂನಿಯನ್ ಕಂಪನಿ ಅದನ್ನು ಮಾಡಿತ್ತು. ಕೂಪರ್ ತಂದೆ-ಮಗ ಎರಡನೇ ಮಹಾಯುದ್ಧದ ನಂತರ ತಮ್ಮ 500 ಸಿಸಿ ಕಾರಿಗೆ ಮೋಟರ್‌ಸೈಕಲ್ ಎಂಜಿನ್ ಹಾಕಿದ್ದರು. ಚೈನ್‌ನಿಂದ ಹಿಂದಿನ ಚಕ್ರ ತಿರುಗಿಸಲು ಅದನ್ನು ಹಿಂದೆ ಇಡುವುದೇ ಸುಲಭ, ಅಲ್ವಾ? ಶುರುವಾಗಿದ್ದು ಅಷ್ಟು ಸರಳವಾಗಿ.

ಇನ್ನೊಂದು, ಕೂಪರ್ ಚಾಲಕ ಜಾಕ್ ಬ್ರಾಬಮ್ ಅಮೆರಿಕದ ಸೆಬ್ರಿಂಗ್ ರೇಸ್‌ನಲ್ಲಿ ಪೆಟ್ರೋಲ್ ಮುಗಿದ ಕಾರನ್ನು ತಳ್ಳಿಕೊಂಡೇ ಗೆರೆ ದಾಟಿ ನಾಲ್ಕನೆಯವರಾಗಿ, 1959ರ ಚಾಂಪಿಯನ್ ಆದರು. ಅದಕ್ಕೆ ನೀವು ಒಂದು ಸಾಲನ್ನಾದರೂ ಕೊಡಬೇಕಿತ್ತು.