ಐಇಎಲ್‌ಟಿಎಸ್ ಗ್ರಾಫ್: ಎಲ್ಲ ಅಂಕಿಗಳನ್ನೂ ಬರೆಯಬೇಕಿಲ್ಲ

ಇಂಗ್ಲಿಷ್ ಭಾಷಾ ಪರೀಕ್ಷೆ ಐಇಎಲ್‌ಟಿಎಸ್‌ನ ಅಕಾಡೆಮಿಕ್ ರೈಟಿಂಗ್‌ನಲ್ಲಿ ಗ್ರಾಫ್ ನೋಡಿ ವಿವರಿಸುವ ಮೊದಲ ಪ್ರಶ್ನೆಯಲ್ಲಿ ಒಂದು ಅಂಕಿ ಬಿಟ್ಟರೂ ಮಾರ್ಕ್ಸ್ ಹೋಗುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಮುಖ್ಯ ಅಂಶಗಳನ್ನು ಆರಿಸಿ, ಬೇಕಾದಲ್ಲಿ ಹೋಲಿಸಿ ಬರೆಯಿರಿ ಎಂದು ಪ್ರಶ್ನೆಯಲ್ಲೇ ಇರುತ್ತದೆ. ಕನಿಷ್ಠ 150 ಪದ, ಸುಮಾರು 20 ನಿಮಿಷ. ಅಷ್ಟರಲ್ಲಿ ಎಲ್ಲವನ್ನೂ ತುರುಕಲು ಹೋದರೆ ಒಟ್ಟು ಚಿತ್ರಣ ಹೇಳುವ ಓವರ್‌ವ್ಯೂ ಬಿಟ್ಟುಹೋಗುತ್ತದೆ; ನಿಜವಾದ ಪೆಟ್ಟು ಬೀಳುವುದು ಅಲ್ಲೇ.

ಆರಂಭ, ಕೊನೆ, ಅತಿ ಹೆಚ್ಚು, ಅತಿ ಕಡಿಮೆ, ಗೆರೆಗಳು ಒಂದನ್ನೊಂದು ದಾಟುವ ವರ್ಷ, ಇವಿಷ್ಟಕ್ಕೆ ಅಂಕಿ ಕೊಡಿ. ಕೊಟ್ಟದ್ದು ಮಾತ್ರ ಸರಿಯಿರಲಿ. ಶೇ 20 ಇದ್ದದ್ದು ಶೇ 30 ಆದರೆ ಏರಿಕೆ 10 ಪರ್ಸೆಂಟೇಜ್ ಪಾಯಿಂಟ್. '10 ಪರ್ಸೆಂಟ್' ಅಲ್ಲ, ಆ ಲೆಕ್ಕದಲ್ಲಿ ಅದು ಶೇ 50ರ ಹೆಚ್ಚಳ. 'ರೋಸ್ ಟು 30' (30ಕ್ಕೆ ಏರಿತು) ಎನ್ನಬೇಕಾದಲ್ಲಿ 'ರೋಸ್ ಬೈ 30' (30ರಷ್ಟು ಏರಿತು) ಎಂದರೆ ಓದುವವರಿಗೆ 20ಕ್ಕೆ 30 ಸೇರಿ 50 ಎಂದೇ ಅರ್ಥ.