ಲಾಯ್ಕ, ಅಡ್ಡಿಲ್ಲೆ, ಶಾಬಾಸ್

ಕಾಸರಗೋಡಿನ ನಮ್ಮ ಕಡೆ ಏನನ್ನು ಮೆಚ್ಚಿದರೂ 'ಲಾಯ್ಕ' ಒಂದೇ. ಹಲಸಿನ ಹಪ್ಪಳ ಲಾಯ್ಕ, ಯಕ್ಷಗಾನದಲ್ಲಿ ಹಾಡುವ ಭಾಗವತರ ಪದ್ಯ ಲಾಯ್ಕ, ಮದುಮಗಳೂ ಲಾಯ್ಕ. ತುಳು ಮಾತಾಡುವವರೂ ಇದನ್ನೇ ಅನ್ನುತ್ತಾರೆ. ಮಡಿ ಉಟ್ಟ ಹವ್ಯಕ ಅಜ್ಜಿ ಪಾಯಸ ಉಂಡು 'ಲಾಯ್ಕಾಯಿದು' ಅನ್ನುತ್ತಾರಲ್ಲ, ಆ ಮಾತಿನ ಮೂಲ ಅರಬ್ಬಿಯ 'ಲಾಯಿಕ್'. ಯೋಗ್ಯ, ತಕ್ಕದ್ದು ಅಂತ ಅರ್ಥ. ಬೈಯುವಾಗ ಬರುವ 'ನಾಲಾಯಕ್' ಅದರ ದಾಯಾದಿ. ಇದನ್ನು ಅಜ್ಜಿಗೆ ಹೇಳುವ ಧೈರ್ಯ ಯಾರಿಗಿದೆ?

ಲಾಯ್ಕ ಸಿಕ್ಕಿದವನು ಪುಣ್ಯವಂತ. ಹೆಚ್ಚಿನವರಿಗೆ ಸಿಗುವುದು 'ಅಡ್ಡಿಲ್ಲೆ', ಅಂದರೆ ಅಡ್ಡಿಯಿಲ್ಲ, ಪರವಾಗಿಲ್ಲ. ಹೊಗಳುವಾಗಲೂ ಒಂದು 'ಇಲ್ಲೆ' ಸೇರಿಸದಿದ್ದರೆ ನಮಗೆ ಸಮಾಧಾನ ಇಲ್ಲ. ಮಲಯಾಳದ 'ಕೊಳ್ಳಾಂ' ಕೂಡ ಹೆಚ್ಚುಕಮ್ಮಿ ಹಾಗೇ: ತಗೊಳ್ಳಬಹುದು, ಅಷ್ಟೆ. ಗಡಿಯ ಎರಡೂ ಕಡೆ ಕೈ ಬಿಗಿ.

ಇದರ ಎದುರು ಶಾಬಾಸ್ ನೋಡಿ. ಪಾರಸಿಯ 'ಶಾದ್ ಬಾಶ್' ಸವೆದು ಶಾಬಾಸ್ ಆಯಿತು. ಶಾದ್ ಅಂದರೆ ಖುಷಿ, ಬಾಶ್ ಅಂದರೆ ಇರು. ಖುಷಿಯಾಗಿರು! ಲಾಯ್ಕ ಅನ್ನುವವನ ಕೈಯಲ್ಲಿ ತಕ್ಕಡಿ ಇರುತ್ತದೆ. ಶಾಬಾಸ್ ಅನ್ನುವವನು ತೂಗುವುದಿಲ್ಲ, ಸುಮ್ನೆ ಹರಸುತ್ತಾನೆ. ನಾವೋ ಅದಕ್ಕೆ 'ಗಿರಿ' ಹಚ್ಚಿ ಶಾಬಾಸ್‌ಗಿರಿ ಅಂತ ಒಂದು ಉದ್ಯೋಗವನ್ನೇ ಮಾಡಿಟ್ಟೆವು.

ಹಾಗಂತ ಕನ್ನಡಕ್ಕೇನೂ ಬಡತನ ಇರಲಿಲ್ಲ. ಕುಮಾರವ್ಯಾಸನ ಯುದ್ಧಗಳಲ್ಲಿ ಪೂತುರೆ, ಮಝರೆ, ಭಾಪುರೆಗಳ ಸುರಿಮಳೆ. ಎದುರಾಳಿಯ ಕೈಚಳಕಕ್ಕೂ ಬಾಯ್ತುಂಬ ಮೆಚ್ಚುಗೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ 'ಭಳಿರೇ' ಈಗಲೂ ಆಟದ ರಂಗಸ್ಥಳದಲ್ಲಿ ಕೇಳುತ್ತದೆ. ವೇಷ ಕಟ್ಟುವ ಚೌಕಿಗೆ ಬಂದು ಕಿರೀಟ ಬಿಚ್ಚಿದ ಮೇಲೆ ಅದೇ ಬಾಯಲ್ಲಿ 'ಅಡ್ಡಿಲ್ಲೆ'!

ಆದರೂ ಈ ಊರಿನಲ್ಲಿ ಕಲಾವಿದರು ಬೆಳೆದದ್ದು ಹೇಗೆ? ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಅಂದರೆ ತಾಳಮದ್ದಳೆಗೆ ಹೋಗಿ ಕೂತರೆ ಗೊತ್ತಾಗುತ್ತದೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತೂ ಇಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಶಾಲು ಹೊದ್ದು ಕೂತು, ಪದ್ಯ ಮುಗಿದ ಕೂಡಲೇ ಆಗಿಂದಾಗಲೇ ಮಾತು ಹೊಸೆಯಬೇಕು. ಎದುರಿನ ಸಾಲಿನಲ್ಲಿ ಒಬ್ಬ ಮಾವ ಇದ್ದೇ ಇರುತ್ತಾರೆ. ಬಾಯಿ ತುಂಬ ಎಲೆಅಡಿಕೆ, ಶಾಬಾಸ್ ಹೇಳಲು ಜಾಗವೇ ಇಲ್ಲ. ಕರ್ಣನ ಒಂದು ಮಾತು ಸರಿಯಾಗಿ ನಾಟಿತು ಅನ್ನಿ, ಮಾವನ ತಲೆ ತುಸು ಓರೆಯಾಗುತ್ತದೆ. ಮೂಗಿನಿಂದ ಒಂದು 'ಹ್ಞೂಂ' ಹೊರಡುತ್ತದೆ.

ಅಷ್ಟು ಸಾಕು. ಕರ್ಣನಿಗೆ ಹುರುಪು ಬಂತು. ಇನ್ನು ಭಾಗವತರು ಮುಂದಿನ ಪದ್ಯ ಎತ್ತಿಯೇ ಅವನನ್ನು ನಿಲ್ಲಿಸಬೇಕು.